ಅಂಚಿಗೆ ಸರಿದ ಚಂದ್ರ

“ಬೈದು ವಾಪಸ್ ಕೊಟ್ಟಿದ್ರೆ ನನಗೂ ತಿರುಗಿಸಿ ಬೈಯೋಕೆ ಆಗ್ತಿತ್ತು ಮೇಡಂ,” ಎಂದ ದುರ್ಬೀನು ಅಂಗಡಿಯವನು. “ಆದ್ರೆ ಅವರು ಮಗುವನ್ನ ತೊಟ್ಟಿಲಲ್ಲಿ ಮಲಗಿಸೋ ಹಾಗೆ ಡಬ್ಬಿಯಲ್ಲಿ ಮಲಗಿಸಿ ತಂದು, ‘ಬೇಜಾರು ಮಾಡ್ಕೋಬೇಡಿ, ಇದೂ ಆಗಲ್ಲ’ ಅಂತಿದ್ರು. ಪ್ರತಿ ಸಲವೂ ಹಾಗೇ.”

ಗಾಜಿನ ಮೇಜಿನ ಮೇಲೆ ಐಪೀಸುಗಳು ಸಾಲಾಗಿ ನಿಂತಿದ್ದವು. ಟೆಲಿಸ್ಕೋಪಿನಲ್ಲಿ ಕಣ್ಣಿಡುವ ತುದಿಗೆ ಸಿಕ್ಕಿಸುವ ಮಸೂರದ ಕೊಳವೆಗಳು. ಕೆಲವು ಹೆಬ್ಬೆರಳಿನಷ್ಟು, ಒಂದು ಮಾತ್ರ ಅಂಗೈ ತುಂಬುವಷ್ಟು.

ಇನ್‌ಸ್ಪೆಕ್ಟ್ರಮ್ಮ ಆ ದೊಡ್ಡದನ್ನು ಕೈಗೆತ್ತಿಕೊಂಡು ತೂಕ ನೋಡಿದರು. ಅವರು ಪೊಲೀಸ್ ಇಲಾಖೆಯಿಂದ ನಿವೃತ್ತರಾಗಿ ವರ್ಷಗಳೇ ಕಳೆದಿದ್ದವು. ಆದರೂ ಜನರ ಬಾಯಲ್ಲಿ ಆ ಹೆಸರು ಹೋಗಿರಲಿಲ್ಲ. ಜನ ತಮ್ಮ ಕಷ್ಟಗಳನ್ನು ಅವರ ಮನೆ ಬಾಗಿಲಿಗೆ ತರುವುದೂ ನಿಂತಿರಲಿಲ್ಲ.

ಈ ಸಲದ ಕಷ್ಟ ಒಂದೇ ಸೂರಿನ ಕೆಳಗಿನದು. ಕಬ್ಬಿಣದ ಯಾರ್ಡಿನಲ್ಲಿ ಕ್ರೇನಿನಿಂದ ಇಳಿಯುತ್ತಿದ್ದ ಪೈಪುಗಳ ಕಟ್ಟು ವಾಚ್‌ಮನ್‌ಗೆ ಬಡಿದು ಅವನು ಪ್ರಜ್ಞೆ ತಪ್ಪಿ ಆಸ್ಪತ್ರೆ ಸೇರಿದ್ದ. ಕೆಂಪು ಬಾವುಟ ತೋರಿಸಿದ್ದೆ ಎನ್ನುತ್ತಿದ್ದ, ಕೆಳಗೆ ನಿಂತು ಸನ್ನೆ ಮಾಡುವವ. ಬಾವುಟವೇ ಇರಲಿಲ್ಲ ಎನ್ನುತ್ತಿದ್ದ, ಮೇಲೆ ಕೂತು ಕ್ರೇನು ನಡೆಸುವವ. ಇಬ್ಬರೂ ಭಾವ, ಭಾಮೈದ. ಸನ್ನೆಯವನ ಹೆಂಡತಿ ಕ್ರೇನಿನವನ ಅಕ್ಕ. ಗಂಡನನ್ನು ನಂಬಿದರೆ ತಮ್ಮ ಸುಳ್ಳ, ತಮ್ಮನನ್ನು ನಂಬಿದರೆ ಗಂಡ ಸುಳ್ಳ ಎಂಬ ಇಕ್ಕಟ್ಟು ತೋಡಿಕೊಂಡು ಆ ಅಕ್ಕನೇ ಇನ್‌ಸ್ಪೆಕ್ಟ್ರಮ್ಮನನ್ನು ಕರೆಸಿದ್ದಳು.

ಪೊಲೀಸರು ನಂಬಿದ್ದು ತಮ್ಮನನ್ನು. ಯಾರ್ಡಿನಲ್ಲಿ ಎಲ್ಲರೂ ಅವನನ್ನು ಗರುಡ ಎಂದು ಕರೆಯುತ್ತಿದ್ದರು. ಅಷ್ಟೆತ್ತರದ ಕ್ಯಾಬಿನ್ನಿನಿಂದ ನೆಲಕ್ಕೆ ಬಿದ್ದ ಬೋಲ್ಟನ್ನು ತೋರಿಸಬಲ್ಲ ಕಣ್ಣು ಅವನದು. ಭಾವನನ್ನು ಯಾರ್ಡಿನವರು ಕೆಲಸದಿಂದ ಹೊರಗಿಟ್ಟಿದ್ದರು, ಪೊಲೀಸರು ಅವನ ಮೇಲೆ ಕೇಸು ಹಾಕಿದ್ದರು.

ಗರುಡ ಟೆಲಿಸ್ಕೋಪಿನ ಸಾಮಾನು ಕೊಳ್ಳುವುದು, ಹಿಂದಿರುಗಿಸುವುದು ಮಾಡುತ್ತಿದ್ದ ಎಂಬ ಸುದ್ದಿ ಹಿಡಿದು ಇನ್‌ಸ್ಪೆಕ್ಟ್ರಮ್ಮ ಈ ಅಂಗಡಿಗೆ ಬಂದಿದ್ದರು. ಕೊಂಡದ್ದನ್ನು ಹಿಂದಕ್ಕೆ ಕೊಡುವ ಚಾಳಿಯವನು ಆಡಿದ್ದನ್ನೂ ಹಿಂದಕ್ಕೆ ತೆಗೆದುಕೊಂಡಾನೇನೋ ಎಂಬ ಸಣ್ಣ ಆಸೆ ಅವರಿಗೆ.

“ಅವರಿಗೆ ಏನು ಬೇಕಾಗಿತ್ತು?”

“ಅಗಲ,” ಎಂದ ಅಂಗಡಿಯವನು. “ಅಗಲವಾದ ನೋಟ. ಅವರ ಟೆಲಿಸ್ಕೋಪು ಗಿಡ್ಡ, ದಪ್ಪ. ಒಳಗಿನ ಕನ್ನಡಿ ಆಳವಾಗಿದೆ. ಬೆಳಕು ಬಹಳ ಓರೆಯಾಗಿ ಬಂದು ಬೇಗ ಕೂಡ್ಕೊಳ್ಳುತ್ತೆ. ಇಂಥದಕ್ಕೆ ನಾವು ಫಾಸ್ಟ್ ಟೆಲಿಸ್ಕೋಪು ಅಂತೀವಿ. ಆಕಾಶದ ದೊಡ್ಡ ತುಂಡು ಒಂದೇ ಸಲಕ್ಕೆ ಕಾಣಿಸೋದು ಇದರ ಸುಖ. ಕಷ್ಟ ಏನಂದ್ರೆ, ಇದು ಐಪೀಸಿನ ಹುಳುಕೆಲ್ಲ ಹೊರಗೆ ಹಾಕುತ್ತೆ. ಸಾಧಾರಣದ್ದು ಸಿಕ್ಕಿಸಿದ್ರೆ ನಡುವೆ ಚೆನ್ನಾಗಿರುತ್ತೆ, ಅಂಚಲ್ಲಿರೋ ನಕ್ಷತ್ರಗಳಿಗೆ ರೆಕ್ಕೆ ಮೂಡುತ್ತೆ.”

“ಗರುಡನಿಗೆ ರೆಕ್ಕೆ ಕಂಡ್ರೆ ಆಗಲ್ವಾ?”

ಅಂಗಡಿಯವನು ನಕ್ಕ. “ಅದಕ್ಕೇ ಮೊದಲನೇದು ವಾಪಸ್ ತಂದಾಗ ನನಗೇನೂ ಅನ್ನಿಸಲಿಲ್ಲ. ಇನ್ನೂ ಒಳ್ಳೇದು ಕೊಟ್ಟೆ. ಅದೂ ಬಂತು. ಕೆಲವು ಸಲ ಆ ರೆಕ್ಕೆ ಐಪೀಸಿಂದಲ್ಲ, ಕನ್ನಡಿಯಿಂದಲೇ ಬರುತ್ತೆ. ಅದನ್ನ ತಿದ್ದೋಕೆ ಮಧ್ಯದಲ್ಲಿ ಒಂದು ಮಸೂರ ಹಾಕ್ಬೇಕು. ಅದನ್ನೂ ಕೊಟ್ಟೆ. ಕೊನೆಗೆ ನಿಮ್ಮ ಕೈಲಿದೆಯಲ್ಲ, ಅದು. ಅದಕ್ಕಿಂತ ಅಗಲವಾದ್ದು ನನ್ನ ಹತ್ರ ಇಲ್ಲ. ಕಣ್ಣಿಟ್ರೆ ಕಿಟಕಿಯಿಂದ ತಲೆ ಹೊರಗೆ ಹಾಕಿದ ಹಾಗಿರುತ್ತೆ.”

“ಅದಕ್ಕೇನಂದ್ರು?”

“‘ಕೊಳವೆಯೊಳಗೆ ಇಣುಕಿದ ಹಾಗಿದೆ’ ಅಂದ್ರು.”

ಇನ್‌ಸ್ಪೆಕ್ಟ್ರಮ್ಮ ಐಪೀಸನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟರು. “ಅಂಚಲ್ಲಿ ರೆಕ್ಕೆ ಕಾಣುತ್ತೆ ಅಂತ ಅವರು ಯಾವಾಗಾದ್ರೂ ಹೇಳಿದ್ರಾ?”

ಅವನು ಯೋಚಿಸಿದ. “ಇಲ್ಲ. ನಾನೇ ಕೇಳಿದೆ. ಹಿಗ್ಗಿದ ಹಾಗಿದ್ಯಾ, ಗೀರಿನ ಹಾಗಿದ್ಯಾ ಅಂತ. ‘ಅಂಚಲ್ಲಿ ಏನೂ ಇಲ್ಲ’ ಅಂದ್ರು.”

“ಅಂಚಲ್ಲಿ ಏನೂ ಇಲ್ಲದೇ ಹೋಗೋದು ಉಂಟಾ?”

“ಕಣ್ಣು ಸರಿಯಾದ ಜಾಗದಲ್ಲಿ ಇಡದಿದ್ರೆ ಕಪ್ಪು ನೆರಳೊಂದು ಅಡ್ಡ ಬರುತ್ತೆ. ಆದ್ರೆ ಅದು ಒಂದು ಕಡೆ ನಿಲ್ಲಲ್ಲ, ತಲೆ ಅಲುಗಿದ ಹಾಗೆ ಓಡಾಡುತ್ತೆ. ಅಂಚು ಕೆಡುತ್ತೆ ಮೇಡಂ, ಹರಡುತ್ತೆ, ಬಣ್ಣ ಬಿಡುತ್ತೆ. ಮಾಯ ಆಗಲ್ಲ.”

“ನೀವು ಅವರ ಟೆಲಿಸ್ಕೋಪಲ್ಲಿ ನೋಡಿದ್ದೀರಾ?”

“ಒಂದ್ಸಲ ಹೋಗಿದ್ದೆ. ಅಂಚಿಂದ ಅಂಚಿಗೆ ನಕ್ಷತ್ರ. ಅವರ ಭಾವನೂ ಕಣ್ಣಿಟ್ಟು ಸುಮ್ಮನೆ ನಿಂತ್ಬಿಟ್ರು. ಇವರೊಬ್ಬರೇ ಇಲ್ಲ ಅಂದ್ರು. ಈ ಮನುಷ್ಯನಿಗೆ ತೃಪ್ತಿ ಅನ್ನೋದೇ ಇಲ್ಲ ಅಂದ್ಕೊಂಡೆ.” ಅವನು ಐಪೀಸುಗಳ ಸಾಲು ನೇರ ಮಾಡಿದ. “ಆದ್ರೆ ಅವರು ಅದನ್ನ ತನಗೋಸ್ಕರ ಹುಡುಕ್ತಿರಲಿಲ್ಲ. ಅಕ್ಕನಿಗೆ ಕೃತ್ತಿಕೆ ತೋರಿಸ್ಬೇಕಂತೆ. ‘ಅವಳಿಗೆ ಹುಡುಕಾಡೋ ತಾಳ್ಮೆ ಇಲ್ಲ, ಕಣ್ಣಿಟ್ಟ ಕೂಡಲೇ ಇಡೀ ಗೊಂಚಲು ಕಾಣ್ಬೇಕು’ ಅಂತಿದ್ರು.”

ಇನ್‌ಸ್ಪೆಕ್ಟ್ರಮ್ಮ ಆ ದೊಡ್ಡ ಐಪೀಸನ್ನು ಮತ್ತೆ ಕೈಗೆತ್ತಿಕೊಂಡರು. ಸುಳ್ಳನನ್ನು ಹುಡುಕಿಕೊಂಡು ಬಂದಿದ್ದರು. ಸುಳ್ಳ ಸಿಕ್ಕಿದ್ದರೆ ಇಷ್ಟು ಸಂಕಟವಾಗುತ್ತಿರಲಿಲ್ಲ.

“ಇದನ್ನ ಇವತ್ತು ಸಂಜೆ ಮಟ್ಟಿಗೆ ತಗೊಂಡು ಹೋಗ್ಲಾ?” ಎಂದು ಕೇಳಿದರು.

*

ಅಕ್ಕ, ಭಾವ ಇದ್ದ ಕೆಳಮನೆಯಲ್ಲಿ ಹೊಲಿಗೆ ಯಂತ್ರ ಓಡುತ್ತಿತ್ತು. ಇನ್‌ಸ್ಪೆಕ್ಟ್ರಮ್ಮ ಒಳಗೆ ಹೋಗದೆ ಹೊರಗಿನ ಮೆಟ್ಟಿಲು ಹಿಡಿದರು. ಅಪಘಾತವಾದ ಮೇಲೆ ಗರುಡನೂ ಇದೇ ಮೆಟ್ಟಿಲಿನಿಂದ ಓಡಾಡುತ್ತಿದ್ದ. ಭಾವನ ಮುಖ ನೋಡಬೇಕಾಗುತ್ತದೆಂದು ಒಳಗಿನ ದಾರಿ ಬಿಟ್ಟಿದ್ದ. ಅಕ್ಕ ಅವನ ಊಟವನ್ನು ಮುಚ್ಚಿ ಮೆಟ್ಟಿಲ ಮೇಲಿಟ್ಟು ಬರುತ್ತಿದ್ದಳು.

ಇವತ್ತೂ ತಟ್ಟೆ ಅಲ್ಲೇ ಇತ್ತು. ಮುಚ್ಚಿದ ತಟ್ಟೆಯ ಮೇಲೆ, ಸರಿಯಾಗಿ ನಟ್ಟನಡುವೆ, ನೀರಿನ ಲೋಟ.

ಇನ್‌ಸ್ಪೆಕ್ಟ್ರಮ್ಮ ಅದನ್ನು ನೋಡಿದರು. ಆಮೇಲೆ ತಟ್ಟೆ ಎತ್ತಿಕೊಂಡು, ಮಂಡಿನೋವಿಗೆ ಸಮಾಧಾನ ಹೇಳುತ್ತಾ ಮೇಲೆ ಹತ್ತಿದರು.

ಗರುಡ ತಾರಸಿಯ ಮೇಲೆ ಬಟ್ಟೆ ಒಣಹಾಕುವ ಹಗ್ಗಗಳ ಆಚೆ ಕೂತಿದ್ದ. ಪಕ್ಕದಲ್ಲಿ ಟೆಲಿಸ್ಕೋಪು, ಮರದ ಪೆಟ್ಟಿಗೆಯ ಮೇಲೆ ಕೂರಿಸಿದ, ಡ್ರಮ್ಮಿನಂಥ ಗಿಡ್ಡ ಕೊಳವೆ. ಅದರ ಕನ್ನಡಿಯನ್ನು ಅವನೂ ಭಾವನೂ ಎದುರುಬದುರು ಕೂತು ತಿಂಗಳುಗಟ್ಟಲೆ ಉಜ್ಜಿ ಮಾಡಿದ್ದರು. ಹೊತ್ತು ಮುಳುಗಿತ್ತು. ಬೆಳಕು ಇನ್ನೂ ಇತ್ತು. ಪಡುವಣದಲ್ಲಿ ಎಳೆಯ ಚಂದ್ರ.

“ಅಯ್ಯೋ, ನೀವ್ಯಾಕೆ ಹೊತ್ತು ತಂದ್ರಿ ಮೇಡಂ,” ಎಂದು ಅವನು ಎದ್ದು ತಟ್ಟೆ ಇಸಿದುಕೊಂಡ. ಲೋಟವನ್ನು ತೆಗೆದು ಎಡಗಡೆ ಇಟ್ಟ. ಕೂರಲೆಂದು ಬಕೆಟ್ಟು ಬೋರಲು ಹಾಕಿ ಅವರತ್ತ ಸರಿಸುವಾಗ ಅವನ ಮೊಣಕೈ ಬಡಿದು ಲೋಟ ಉರುಳಿತು.

“ಈ ಲೋಟಗಳ ಕಥೆಯೇ ಇಷ್ಟು,” ಎಂದ, ನಾಚಿಕೊಂಡು. “ಹೇಳಿ. ಮತ್ತೆ ಅದೇ ಪ್ರಶ್ನೆ ತಾನೆ? ಬಾವುಟ ಇತ್ತೋ ಇಲ್ವೋ. ಸುಳ್ಳು ಹೇಳಿದ್ರೆ ನನ್ನ ಕೆಲಸ ಹೋಗುತ್ತೆ, ನಿಜ ಹೇಳಿದ್ರೆ ಭಾವನ ಕೆಲಸ. ಕೆಲಸದ ಮನೆ ಹಾಳಾಗ್ಲಿ. ‘ನನ್ನ ಗಂಡನ್ನ ಉಳಿಸು ಕಣೋ’ ಅಂತ ಅಕ್ಕ ಒಂದು ಮಾತು ಅಂದಿದ್ರೂ ಹೋಗಿ ಸುಳ್ಳು ಹೇಳ್ಬಿಡ್ತಿದ್ದೆ. ಅವಳು ಅನ್ನಲಿಲ್ಲ.”

“ಯಾಕೆ ಅನ್ನಲಿಲ್ಲ?”

“ಗೊತ್ತಿಲ್ಲ. ನನ್ನ ಮುಖ ನೋಡ್ತಾಳೆ, ಅಳ್ತಾಳೆ, ತಟ್ಟೆ ಇಟ್ಟು ಹೋಗ್ತಾಳೆ.”

ಇನ್‌ಸ್ಪೆಕ್ಟ್ರಮ್ಮ ಚೀಲದಿಂದ ಐಪೀಸು ತೆಗೆದರು. ಅವನು ಗುರುತು ಹಿಡಿದು ನಕ್ಕ. “ಇದು ಆಗಲ್ಲ ಮೇಡಂ. ಅಂಗಡಿಯವರು ಪಾಪ ಒಳ್ಳೆಯವರು. ಆದ್ರೆ ಇದರಲ್ಲಿ ಅವರು ಹೇಳೋ ಅಗಲ ಇಲ್ಲ.”

“ನನಗೊಂದ್ಸಲ ಚಂದ್ರನ್ನ ತೋರಿಸಿ.”

ಅವನು ಐಪೀಸು ಸಿಕ್ಕಿಸಿ, ತಿರುಪು ಬಿಗಿ ಮಾಡಿ, ಕೊಳವೆಯನ್ನು ಚಂದ್ರನತ್ತ ಎಳೆದ. ಅವನ ಬೆರಳುಗಳಲ್ಲಿ ಕ್ರೇನು ನಡೆಸುವವನ ಹದವಿತ್ತು. ಕೊಳವೆ ಎಲ್ಲಿ ನಿಲ್ಲಬೇಕೋ ಅಲ್ಲೇ ನಿಂತಿತು.

ಇನ್‌ಸ್ಪೆಕ್ಟ್ರಮ್ಮ ಕಣ್ಣಿಟ್ಟರು. ಮಸುಕು ನೀಲಿಯ ವಿಶಾಲ ಬಯಲು, ಅದರ ನಡುವೆ ಪುಟ್ಟ ಬಿಳಿ ಚಂದ್ರ. ಬಯಲಿನ ಅಂಚು ಎಲ್ಲಿದೆ ಎಂದು ನೋಡಲು ಕಣ್ಣನ್ನು ಪೂರ್ತಿ ಹೊರಳಿಸಬೇಕಾಯಿತು. ಕಿಟಕಿಯಿಂದ ತಲೆ ಹೊರಗೆ ಹಾಕಿದ ಹಾಗೆ ಎಂದು ಅಂಗಡಿಯವನು ಹೇಳಿದ್ದು ಅತಿಯಾಗಿರಲಿಲ್ಲ.

ಅವರು ಕೊಳವೆಯನ್ನು ಬೆರಳಿನಿಂದ ಕೊಂಚ ತಳ್ಳಿದರು. ಚಂದ್ರ ಬಯಲಿನ ಎಡ ಅಂಚಿಗೆ ಹೋಗಿ ನಿಂತ. ನಡು ಖಾಲಿಯಾಯಿತು. ನಡುವನ್ನೇ ನೋಡುತ್ತಿದ್ದರೂ ಅಂಚಿನ ಬಿಳುಪು ಅವರ ಕಣ್ಣಿಗೆ ತಾಗುತ್ತಲೇ ಇತ್ತು.

“ಈಗ ನೀವು ನೋಡಿ. ನಡುವನ್ನೇ ನೋಡ್ಬೇಕು, ಕಣ್ಣು ಹೊರಳಿಸ್ಬಾರ್ದು. ಚಂದ್ರ ಕಾಣುತ್ತಾ?”

ಗರುಡ ಬಾಗಿದ. “ಇಲ್ಲ. ನೀವು ಕೊಳವೆ ಅಲುಗಿಸಿಬಿಟ್ರಿ. ಹೊರಗೆ ಹೋಗಿದೆ.”

“ಈಗ ಎಡಕ್ಕೆ ಹೊರಳಿಸಿ.”

ಅವನು ಹೊರಳಿಸಿದ. ಅವನ ಕೈ ಕೊಳವೆಯ ಮೇಲೆ ನಿಂತುಹೋಯಿತು.

“ಇಲ್ಲೇ ಇದೆಯಲ್ಲ,” ಎಂದ. ಮತ್ತೆ ನಡುವಿಗೆ ಬಂದ. ಮತ್ತೆ ಹೊರಳಿಸಿದ. “ನೋಡಿದ್ರಾ, ಇದನ್ನೇ ನಾನು ಅವರಿಗೆ ಹೇಳ್ತಿದ್ದಿದ್ದು. ನೋಡಿದ್ರೆ ಇರುತ್ತೆ, ನೋಡದಿದ್ರೆ ಇರಲ್ಲ. ಎಂಥ ಐಪೀಸು ಇದು.”

ಸೇವೆಯಲ್ಲಿದ್ದಾಗ ಇನ್‌ಸ್ಪೆಕ್ಟ್ರಮ್ಮ ಎಷ್ಟೋ ಜನರ ಕೈಗೆ ಕೋಳ ತೊಡಿಸಿದ್ದರು. ಆಗೆಲ್ಲ ಅಳುಕದ ಮನಸ್ಸು ಈಗ ಅಳುಕಿತು. ಪೊಲೀಸ್ ಡ್ರೈವರುಗಳ ಕಣ್ಣು ಪರೀಕ್ಷೆಯ ದಿನ ಡಾಕ್ಟರ ಪಕ್ಕದಲ್ಲಿ ನಿಂತು ನೋಡಿದ್ದ ಒಂದು ವಿಧಾನ ಅವರಿಗೆ ನೆನಪಿತ್ತು. ಅದನ್ನು ಮಾಡಲೇಬೇಕಿತ್ತು.

“ಇಲ್ಲಿ ಬಂದು ನನ್ನೆದುರಿಗೆ ಕೂತ್ಕೊಳಿ,” ಎಂದರು.

ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತರು.

“ನನ್ನ ಮೂಗನ್ನೇ ನೋಡ್ತಾ ಇರಿ. ನನ್ನ ಬೆರಳು ಆಡೋದು ಯಾವಾಗ ಕಾಣುತ್ತೋ ಆವಾಗ ಹೇಳಿ.”

“ಮೂಗು ನೋಡಿ ಅಂದ್ರೆ ನಗು ಬರುತ್ತೆ ಮೇಡಂ.”

“ನಗಿ, ಪರವಾಗಿಲ್ಲ. ಕಣ್ಣು ಮಾತ್ರ ಅಲುಗಿಸಬೇಡಿ.”

ಅವರು ಎರಡೂ ತೋಳುಗಳನ್ನು ಅಗಲಕ್ಕೆ ಚಾಚಿ ಬೆರಳು ಆಡಿಸತೊಡಗಿದರು. ಅವರಿಗೆ ಅವನ ಮುಖ ನೋಡುತ್ತಲೇ ತಮ್ಮೆರಡು ಕೈಗಳ ಬೆರಳುಗಳೂ ಕಾಣುತ್ತಿದ್ದವು. ಗರುಡ ಕಾಯುತ್ತಿದ್ದ. ಅವನ ಮುಖದಲ್ಲಿ ಪರೀಕ್ಷೆಗೆ ಕೂತ ಹುಡುಗನ ಶ್ರದ್ಧೆ. ಅವರು ಕೈಗಳನ್ನು ಮೆಲ್ಲಗೆ ಒಳಕ್ಕೆ ತಂದರು. ಅವನು ಕಾಯುತ್ತಲೇ ಇದ್ದ. ಇನ್ನೂ ಒಳಕ್ಕೆ ತಂದರು. ಬೆರಳುಗಳು ಅವನ ಕಿವಿಗಳ ನೇರಕ್ಕೆ ಬಂದವು. ಅವನ ಮುಖದ ಎರಡು ಪಕ್ಕಕ್ಕೂ ಬಂದವು.

“ಹಾಂ, ಈಗ,” ಎಂದ ಅವನು. “ಶುರು ಮಾಡಿದ್ರಿ.”

ಅವರು ಕೈ ಇಳಿಸಲಿಲ್ಲ. “ನಾನು ಆವಾಗಿಂದ ಆಡಿಸ್ತಾನೇ ಇದ್ದೀನಿ,” ಎಂದರು.

ಗರುಡ ಅವರ ಒಂದು ಕೈಯನ್ನು ನೋಡಿದ. ಇನ್ನೊಂದು ಕೈಯನ್ನು ನೋಡಿದ. ಆಮೇಲೆ ತಾನೇ ತನ್ನ ತೋಳನ್ನು ಪಕ್ಕಕ್ಕೆ ಚಾಚಿ, ಎದುರಿಗೆ ನೋಡುತ್ತಾ ಬೆರಳು ಆಡಿಸಿದ. ಕೈಯನ್ನು ಮುಂದಕ್ಕೆ ತಂದ. ಹಿಂದಕ್ಕೆ ಒಯ್ದ. ಮತ್ತೆ ಮುಂದಕ್ಕೆ ತಂದ. ಕೆಳಮನೆಯ ಯಂತ್ರ ಒಂದು ಉದ್ದದ ಹೊಲಿಗೆ ಮುಗಿಸಿ ನಿಂತಿತು.

“ಐಪೀಸು ಚೆನ್ನಾಗಿದೆ,” ಎಂದ ಕೊನೆಗೆ.

“ಚೆನ್ನಾಗಿದೆ.”

“ಮೊದಲನೇದೂ ಚೆನ್ನಾಗಿತ್ತೋ ಏನೋ. ಅಂಗಡಿಯವರಿಗೆ ಎಷ್ಟು ಗೋಳು ಹೊಯ್ಕೊಂಡೆ.”

ಅವನು ಎದ್ದು ತಾರಸಿಯ ಗೋಡೆಯವರೆಗೆ ಹೋದ. ಹಗ್ಗದ ಮೇಲಿದ್ದ ಅಕ್ಕನ ಸೀರೆ ಅವನ ಭುಜಕ್ಕೆ ತಾಗಿ ಅವನು ಬೆಚ್ಚಿದ. ಅದನ್ನು ಸರಿಸಲಿಲ್ಲ, ಹಿಡಿದುಕೊಂಡು ನಿಂತ.

“ಅಷ್ಟು ಮೇಲಿಂದ ಬೋಲ್ಟು ಕಾಣುತ್ತಲ್ಲ ನನಗೆ.”

“ನೇರಕ್ಕಿರೋದು ಕಾಣುತ್ತೆ. ಅದಕ್ಕೇ ನಿಮಗೆ ಗೊತ್ತಾಗಿಲ್ಲ. ಈ ಕಣ್ಣಿನ ಕಾಯಿಲೆ ಸದ್ದಿಲ್ಲದೆ ಅಂಚಿಂದ ಬರುತ್ತಂತೆ.”

“ಕಣ್ಣು ಪೂರ್ತಿ ಹೋಗುತ್ತಾ?”

“ನನಗೆ ಗೊತ್ತಿಲ್ಲಪ್ಪ. ಡಾಕ್ಟ್ರು ಹೇಳ್ಬೇಕು. ನಾಳೆ ನಾನೇ ಕರ್ಕೊಂಡು ಹೋಗ್ತೀನಿ.”

ಅವನು ತಲೆಯಾಡಿಸಿದ. ಆಮೇಲೆ ಕೇಳಿದ, “ಆವತ್ತು ಭಾವ ಎಡಗಡೆ ನಿಂತಿದ್ರಂತೆ, ಅಲ್ವಾ? ಪೈಪಿನ ರಾಶಿ ಹತ್ರ.”

“ಹೌದು.”

ಗರುಡ ಸೀರೆಯನ್ನು ಬಿಟ್ಟ. ಅಪಘಾತವಾದಂದಿನಿಂದ ತುಳಿಯದಿದ್ದ ಒಳಮೆಟ್ಟಿಲಿನ ಬಾಗಿಲು ತೆಗೆದು, ಗೋಡೆಗೆ ಕೈ ಕೊಟ್ಟು, ಕೆಳಗಿಳಿಯತೊಡಗಿದ.

*

ಅಕ್ಕ ಹೊಲಿಗೆ ಯಂತ್ರದ ಮುಂದೆ ಕೂತು ಒಂದು ಕಾಲರನ್ನು ತಿರುವುತ್ತಿದ್ದಳು. ಭಾವ ನೆಲದ ಮೇಲೆ ಕೂತು, ಹೊಲಿದು ಮುಗಿದ ಅಂಗಿಗಳಿಂದ ಜೋತ ದಾರದ ಬಾಲದೆಳೆಗಳನ್ನು ಪುಟ್ಟ ಕತ್ತರಿಯಿಂದ ಕತ್ತರಿಸುತ್ತಿದ್ದ. ಕೆಲಸ ಹೋದ ಮೇಲೆ ಅವನು ಹಿಡಿದ ಕೆಲಸ ಅದು. ಮೂಗಿನ ತುದಿಗೆ ಕನ್ನಡಕ.

ಒಳಮೆಟ್ಟಿಲಿನಿಂದ ಇಳಿದುಬಂದ ತಮ್ಮನನ್ನು ಕಂಡು ಅಕ್ಕನ ಕೈ ಯಂತ್ರದ ಚಕ್ರದ ಮೇಲೆ ನಿಂತಿತು.

“ಭಾವ,” ಎಂದ ಗರುಡ, “ನೀವು ಬಾವುಟ ತೋರಿಸಿದ್ರಿ.”

ಭಾವ ತಲೆ ಎತ್ತಲಿಲ್ಲ. “ತೋರಿಸಿದ್ದೆ ಮಾರಾಯ.”

“ನನಗೆ ಕಾಣ್ಲಿಲ್ಲ. ನನ್ನ ಕಣ್ಣಿಗೆ ಪಕ್ಕದ ನೋಟ ಹೋಗಿದೆ. ಈಗ ಗೊತ್ತಾಯ್ತು.”

ಕತ್ತರಿ ಇನ್ನೊಂದು ಎಳೆ ಕತ್ತರಿಸಿತು. “ನನಗೆ ಗೊತ್ತಿತ್ತು,” ಎಂದ ಭಾವ.

ಗರುಡ ಅವನ ಮುಂದೆ ನೆಲದ ಮೇಲೆ ಕೂತುಬಿಟ್ಟ.

“ಯಾವಾಗಿಂದ?”

“ನೀನು ಬಾಗಿಲ ಚೌಕಟ್ಟಿಗೆ ಭುಜ ಹೊಡ್ಕೊಳ್ಳೋಕೆ ಶುರು ಮಾಡಿದಾಗಿಂದ. ಯಾರ್ಡಲ್ಲಿ ಪಕ್ಕದಲ್ಲಿ ನಿಂತು ಕೈ ಬೀಸಿದ್ರೆ ನೀನು ನೋಡ್ತಿರಲಿಲ್ಲ, ಎದುರಿಗೆ ಬಂದ್ರೆ ಮಾತ್ರ ನೋಡ್ತಿದ್ದೆ. ಆಮೇಲೆ ನಾನು ಪಕ್ಕಕ್ಕೆ ಹೋಗ್ಲೇ ಇಲ್ಲ. ಕೊಕ್ಕೆ ಎಲ್ಲಿರುತ್ತೋ ಅದರ ನೇರಕ್ಕೇ ನಿಲ್ತಿದ್ದೆ. ನಿನ್ನ ಎರಡು ಪಕ್ಕ ನಾನು ನೋಡ್ಕೋತಿದ್ದೆ.”

“ನನಗೆ ಹೇಳ್ಬಾರ್ದಿತ್ತಾ?”

“ಹೇಗೆ ಹೇಳ್ಲಿ. ಗರುಡ ಅಂತ ಕರೆದಾಗ ನಿನ್ನ ಮುಖ ನೋಡಿದ್ದೀನಲ್ಲ.”

ಇನ್‌ಸ್ಪೆಕ್ಟ್ರಮ್ಮ ಬಾಗಿಲಲ್ಲಿ ನಿಂತಿದ್ದರು. ಆ ಇಬ್ಬರನ್ನು ಹಾಗೇ ಬಿಟ್ಟು ಹೋಗಿಬಿಡಬೇಕೆನಿಸಿತು. ಆದರೆ ಆಸ್ಪತ್ರೆಯಲ್ಲಿ ಇನ್ನೊಬ್ಬನಿದ್ದ.

“ನೀವು ಪ್ರೀತಿಯಿಂದ ಮಾಡಿದ್ರಿ, ಇಲ್ಲ ಅನ್ನಲ್ಲ,” ಎಂದರು ಭಾವನಿಗೆ. “ಆದ್ರೆ ತಲೆ ಮೇಲೆ ಕಬ್ಬಿಣ ಓಡಾಡೋ ಜಾಗ ಅದು. ಇಂಥ ವಿಷಯ ಬಚ್ಚಿಡೋ ಹಕ್ಕು ನಿಮಗಿರಲಿಲ್ಲ.”

“ಇರಲಿಲ್ಲ,” ಎಂದು ಭಾವ ಒಪ್ಪಿಕೊಂಡ. “ಅದಕ್ಕೇ ಕೇಸು ನನ್ನ ಮೇಲೆ ಬಂದಾಗ ಬಾಯಿ ಬಿಡಲಿಲ್ಲ. ಬಾವುಟ ತೋರಿಸಿದ್ದೆ ಅಂತಷ್ಟೇ ಹೇಳಿದೆ. ನನಗೂ ಸಿಗಬೇಕಾದ್ದೇ ಅನ್ನಿಸ್ತು.”

ಗರುಡ ಕೈಚಾಚಿ ಭಾವನ ಮಡಿಲಿನಿಂದ ಒಂದು ಅಂಗಿ ಎತ್ತಿಕೊಂಡ. ಏನು ಮಾಡುವುದೆಂದು ತೋಚದೆ, ಅದರ ಬಾಲದೆಳೆ ಹುಡುಕತೊಡಗಿದ. ಅವನ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಭಾವ ಅವನ ಕೈಯಿಂದ ಅಂಗಿ ತೆಗೆದುಕೊಳ್ಳಲಿಲ್ಲ; ಕತ್ತರಿಯನ್ನೂ ಕೊಟ್ಟ.

ಇನ್‌ಸ್ಪೆಕ್ಟ್ರಮ್ಮ ಅಕ್ಕನತ್ತ ತಿರುಗಿದರು. “ಲೋಟ ಯಾವಾಗಿಂದ ತಟ್ಟೆಯ ನಡುವೆ ಇಡ್ತಿದ್ದೀರಿ?”

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. “ಪಕ್ಕದಲ್ಲಿಟ್ರೆ ಚೆಲ್ತಾನೆ ಮೇಡಂ. ಅವನಿಗೆ ಅಮ್ಮನೂ ನಾನೇ. ಅವನು ಹೇಗೆ ನಡೀತಾನೆ, ಹೇಗೆ ಊಟ ಮಾಡ್ತಾನೆ ನನಗೆ ಗೊತ್ತಾಗಲ್ವಾ? ಒಂದು ಕಡೆ ಇವರು, ಒಂದು ಕಡೆ ಅವನು. ಯಾರ ವಿರುದ್ಧವೂ ನನ್ನ ಬಾಯಿಂದ ಬರಬಾರ್ದು ಅಂತ ನಿಮ್ಮನ್ನ ಕರೆದೆ. ನೀವೇ ಕಂಡುಹಿಡೀರಿ ಅಂತ.”

“ಅಕ್ಕ,” ಎಂದ ಗರುಡ, “ನೀನೂನಾ?”

“ನಿನಗೆ ಹೇಳೋಕೆ ಎಷ್ಟು ಸಲ ಮೇಲೆ ಹತ್ತಿ ಬಂದಿದ್ದೀನೋ. ನೀನು ‘ಬಾ ಅಕ್ಕ, ಕೃತ್ತಿಕೆ ತೋರಿಸ್ತೀನಿ’ ಅಂತಿದ್ದೆ. ನಾನು ಏನಂತ ಹೇಳ್ಲಿ.”

ಅಕ್ಕ ಎದ್ದು ಬಂದು ತಮ್ಮನ ತಲೆಯ ಮೇಲೆ ಕೈ ಇಟ್ಟಳು. ಅವನು ಅವಳ ಸೆರಗಿನಲ್ಲಿ ಮುಖ ಒರೆಸಿಕೊಂಡ. ಅವನ ವಯಸ್ಸಿನ ಗಂಡಸು ಮಾಡುವ ಕೆಲಸವಲ್ಲ ಅದು. ಅಲ್ಲಿದ್ದ ಯಾರಿಗೂ ಹಾಗನ್ನಿಸಲಿಲ್ಲ.

ಅರ್ಧ ಗಂಟು ಬಿಚ್ಚಿತ್ತು. ಇಬ್ಬರೂ ನಿಜವನ್ನೇ ಹೇಳಿದ್ದರು. ಆದರೆ ಇನ್‌ಸ್ಪೆಕ್ಟ್ರಮ್ಮನಿಗೆ ಮಾತ್ರ ಒಂದು ವಿಷಯ ಚಪ್ಪಲಿಯೊಳಗಿನ ಕಲ್ಲಿನಂತೆ ಒತ್ತುತ್ತಿತ್ತು.

“ಭಾವನವರೇ,” ಎಂದರು, “ನೀವು ಪಕ್ಕಕ್ಕೆ ಹೋಗ್ಲೇ ಇಲ್ಲ ಅಂದ್ರಿ. ಹಾಗಿದ್ರೆ ಆವತ್ತು ಯಾಕೆ ಎಡಗಡೆ ನಿಂತಿದ್ರಿ?”

“ಸೂಪರ್‌ವೈಸರ್ ಹೇಳಿದ್ರು. ‘ಇವತ್ತು ರಾಶಿ ಹತ್ರ ನಿಂತ್ಕೋ, ಎದುರಿಗೆ ಲಾರಿ ಬರುತ್ತೆ’ ಅಂದ್ರು. ನಾನು ಬೇಡ ಅಂದೆ. ಅವರು ಕೇಳಲಿಲ್ಲ. ನನ್ನ ವಾಕಿಟಾಕೀನೂ ಇನ್ನೊಂದು ಕ್ರೇನಿಗೆ ಬೇಕು ಅಂತ ಇಸ್ಕೊಂಡು, ಕೈಗೆ ಬಾವುಟ ಕೊಟ್ರು.”

“ಲಾರಿ ಬಂತಾ?”

ಭಾವ ಕನ್ನಡಕ ತೆಗೆದ. ನೆನಪಿಸಿಕೊಂಡ. “ಇಲ್ಲ. ಬರಲಿಲ್ಲ.”

“ವಾಚ್‌ಮನ್ ಕೆಲಸ ಗೇಟಿನಲ್ಲಿ. ಅವನು ಕ್ರೇನಿನ ಕೆಳಗೆ ಯಾಕೆ ಬಂದ?”

“ಸೂಪರ್‌ವೈಸರ್ ಕರೀತಿದಾರೆ ಅಂತ ಯಾರೋ ಹೇಳಿ ಕಳಿಸಿದ್ರಂತೆ. ಗೇಟಲ್ಲಿರೋರು ಮಾತಾಡ್ಕೊಳ್ತಿದ್ರು. ಲೆಕ್ಕವಿಲ್ಲದೆ ಹೊರಗೆ ಹೋದ ಪೈಪಿನ ವಿಷಯಕ್ಕೆ ಅವರಿಬ್ಬರಿಗೂ ಮೊದಲೇ ಜಗಳ ಆಗಿತ್ತಂತೆ.”

“ನಿಮ್ಮ ಭಾಮೈದನಿಗೆ ಪಕ್ಕದಲ್ಲಿರೋದು ಕಾಣಲ್ಲ ಅಂತ ಸೂಪರ್‌ವೈಸರ್‌ಗೆ ಗೊತ್ತಿತ್ತಾ?”

“ಅವರಿಗೆ ಹೇಗೆ ಗೊತ್ತಾಗುತ್ತೆ? ನಾನು ಯಾರಿಗೂ ಹೇಳಿಲ್ಲ. ಇವಳಿಗೂ ಹೇಳಿಲ್ಲ.”

ಅಕ್ಕನ ಕೈ ತಮ್ಮನ ತಲೆ ಮೇಲಿಂದ ಜಾರಿತು.

“ನಾನು ಹೇಳಿದ್ದೆ,” ಎಂದಳು.

ಗಂಡ, ತಮ್ಮ ಇಬ್ಬರೂ ಅವಳನ್ನು ನೋಡಿದರು.

“ಅಪಘಾತದ ಹಿಂದಿನ ವಾರ. ಅವರ ಮನೆಗೆ ಹೋಗಿದ್ದೆ. ಇವನನ್ನ ಮೇಲಿಂದ ಇಳಿಸಿ, ಕೆಳಗೆ ಏನಾದ್ರೂ ಕೆಲಸ ಕೊಡಿ, ಕಣ್ಣಿನ ವಿಷಯ ಅಂತ ಮಾತ್ರ ಯಾರಿಗೂ ಗೊತ್ತಾಗೋದು ಬೇಡ ಅಂತ ಬೇಡ್ಕೊಂಡೆ. ಬಹಳ ಸಮಾಧಾನವಾಗಿ ಕೇಳಿಸ್ಕೊಂಡ್ರು. ಯಾವ ಪಕ್ಕ ಕಾಣಲ್ಲ, ಎಷ್ಟು ಕಾಣಲ್ಲ ಅಂತೆಲ್ಲ ವಿಚಾರಿಸಿದ್ರು. ‘ನೀವು ಹೋಗಿ ಅಮ್ಮ, ನಾನು ನೋಡ್ಕೋತೀನಿ’ ಅಂದ್ರು.” ಅವಳು ಗಂಡನತ್ತ ತಿರುಗಿದಳು. “ಒಳ್ಳೇ ಮನುಷ್ಯ ಅಂದ್ಕೊಂಡೆ.”

ಇನ್‌ಸ್ಪೆಕ್ಟ್ರಮ್ಮ ಆಗಲೇ ಚಪ್ಪಲಿ ಮೆಟ್ಟುತ್ತಿದ್ದರು. “ಅವರು ಈಗ ಎಲ್ಲಿ ಸಿಗ್ತಾರೆ?”

“ಈಗ್ತಾನೆ ಬಂದು ಹೋದ್ರು ಮೇಡಂ,” ಎಂದಳು ಅಕ್ಕ. “ನೀವು ಮೇಲಿದ್ರಿ. ವಾಚ್‌ಮನ್ ಕಣ್ಣು ಬಿಟ್ಟನಂತೆ, ಏನೋ ಹೇಳ್ಬೇಕು ಅಂತ ಒದ್ದಾಡ್ತಿದ್ದಾನಂತೆ. ಅವನ ಹೆಂಡತಿನ ಮನೆಗೆ ಕಳಿಸಿ, ಇವತ್ತು ರಾತ್ರಿ ತಾನೇ ಅವನ ಪಕ್ಕದಲ್ಲಿ ಕೂತಿರ್ತೀನಿ ಅಂದ್ರು.”